ಹಳೆಯ ಹಾಡಿಗೆ ಹೊಸ ಮೈ

ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವವರು ನಮ್ಮ ಕಡೆ ಒಂದು ಕೆಲಸವನ್ನು ಮಾಡುವುದುಂಟು. ಗೋಡೆ ಹೋಗುತ್ತದೆ, ಹೆಂಚು ಹೋಗುತ್ತದೆ, ತೊಟ್ಟಿಯೂ ಜಗಲಿಯೂ ಹೋಗುತ್ತವೆ. ಅಜ್ಜನ ಕಾಲದ ತೇಗದ ಬಾಗಿಲನ್ನು ಮಾತ್ರ ಚೌಕಟ್ಟುಸಹಿತವಾಗಿ ಕಿತ್ತು ತಂದು ಹೊಸ ಮನೆಗೆ ನಿಲ್ಲಿಸುತ್ತಾರೆ. ಬೀದಿಯಲ್ಲಿ ನಿಂತು ನೋಡಿದವರು, "ಆಹಾ, ಹಿರಿಯರ ಮನೆ ಹಾಗೆಯೇ ಇದೆ" ಎನ್ನುತ್ತಾರೆ. ಬಾಗಿಲನ್ನು ದಾಟಿ ಒಳಕ್ಕೆ ಕಾಲಿಟ್ಟ ಮೇಲೆ ತಾನೆ, ಅಲ್ಲಿ ಹಿರಿಯರದು ಏನು ಉಳಿದಿದೆ, ಏನು ಉಳಿದಿಲ್ಲ ಎಂಬುದು ತಿಳಿಯತಕ್ಕದ್ದು! ಹತ್ತಿಪ್ಪತ್ತು ವರ್ಷಗಳಿಂದೀಚೆಗೆ ಹಿಂದೀ ಚಲಚ್ಚಿತ್ರಗಳಲ್ಲಿ ಹಳೆಯ ಪ್ರಣಯಗೀತೆಗಳನ್ನು ಹೊಸದಾಗಿ ಮಾಡಿ ಹಾಡಿಸುವ ರೂಢಿ ಬೆಳೆದಿರುವುದನ್ನು ಕಂಡಾಗಲೆಲ್ಲ ನಮಗೆ ಈ ತೇಗದ ಬಾಗಿಲಿನ ನೆನಪಾಗುತ್ತದೆ. ಪಲ್ಲವಿಯೆಂಬ ಬಾಗಿಲು ಹಳೆಯದು. ಒಳಗಿನ ಮನೆ ಯಾರದು?

ಸಂಸ್ಕೃತ ಪಾಠವನ್ನು ಹೇಳಿ ನಿವೃತ್ತರಾದ ಉಪಾಧ್ಯಾಯರಿಗೆ ಸಿನಿಮಾ ಹಾಡಿನ ಗೊಡವೆಯೇಕೆ ಎಂದು ವಾಚಕರಲ್ಲಿ ಕೆಲವರು ಕೇಳಿಯಾರು. ಕಾವ್ಯವನ್ನು ಓದಿದ ಕಿವಿಯು ಚಿತ್ರಗೀತೆಯನ್ನು ಕೇಳಬಾರದೆಂಬ ನಿಷೇಧವನ್ನು ನಾವು ಯಾವ ಶಾಸ್ತ್ರದಲ್ಲಿಯೂ ಕಂಡಿಲ್ಲ. ೧೯೫೭ರ ಅಕ್ಟೋಬರಿನಲ್ಲಿ ಆಕಾಶವಾಣಿಯು ಪ್ರಾರಂಭಿಸಿದ ವಿವಿಧ ಭಾರತಿಯು, ನಮ್ಮ ವಿದ್ಯಾರ್ಥಿದೆಸೆಯ ಹೊತ್ತಿಗೆ, ಹಳ್ಳಿಹಳ್ಳಿಯ ನಡುಮನೆಯನ್ನೂ ತಲುಪಿತ್ತು. ಹಗಲೆಲ್ಲ ಶಬ್ದರೂಪಗಳನ್ನು ಕಂಠಸ್ಥ ಮಾಡಿ ದಣಿದ ನಮಗೆ ರಾತ್ರಿಯ ಆ ಹಾಡುಗಳು ತಣ್ಣೀರಿನಂತೆ ಹಿತವಾಗಿದ್ದುವು. ಪ್ರತಿಯೊಂದು ಹಾಡಿಗೂ ಮೊದಲು ಚಿತ್ರದ ಹೆಸರು, ಹಾಡಿದವರ ಹೆಸರು, ಬರೆದವರ ಹೆಸರು, ರಾಗವನ್ನು ಸಂಯೋಜಿಸಿದವರ ಹೆಸರು, ಇವಿಷ್ಟನ್ನೂ ತಪ್ಪದೆ ಹೇಳುತ್ತಿದ್ದರು. ಹಿರಿಯರಿಗೆ ನಮಸ್ಕರಿಸುವ ವಟುವು ತನ್ನ ಗೋತ್ರಪ್ರವರಗಳನ್ನು ಹೇಳಿಕೊಳ್ಳುವುದಿಲ್ಲವೇ? ಹಾಡೂ ಹಾಗೆ ತನ್ನ ಪ್ರವರವನ್ನು ಹೇಳಿಕೊಂಡೇ ನಮ್ಮ ಮನೆಯೊಳಕ್ಕೆ ಬರುತ್ತಿದ್ದಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವುಂಟು.

ಹೀಗೆ ನಮಗೆ ಪರಿಚಿತವಾದ ಹಾಡುಗಳಲ್ಲಿ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು 'ಲಗ್ ಜಾ ಗಲೇ' ಎಂಬ ಗೀತೆ. ೧೯೬೪ರಲ್ಲಿ ರಾಜ್ ಖೋಸ್ಲಾ ಅವರು ನಿರ್ದೇಶಿಸಿದ 'ವೋ ಕೌನ್ ಥೀ' ಚಿತ್ರದಲ್ಲಿ ಇದು ಬರುತ್ತದೆ. ಬರೆದವರು ರಾಜಾ ಮೆಹದೀ ಅಲೀ ಖಾನ್. ಸಂಗೀತ ಮದನ ಮೋಹನರದು. ಹಾಡಿದವರು ಲತಾ ಮಂಗೇಶ್ಕರ್. ತೆರೆಯ ಮೇಲೆ ಹಾಡಿದಂತೆ ಅಭಿನಯಿಸಿದವರು ಸಾಧನಾ. ನಿರ್ದೇಶಕರಿಗೆ ಈ ಹಾಡು ಮೊದಲು ರುಚಿಸಲಿಲ್ಲವೆಂದೂ, ನಾಯಕನ ಪಾತ್ರವನ್ನು ವಹಿಸಿದ್ದ ಮನೋಜ್ ಕುಮಾರರ ಒತ್ತಾಯದಿಂದ ಮತ್ತೊಮ್ಮೆ ಕೇಳಿ ಒಪ್ಪಿದರೆಂದೂ ಚಿತ್ರರಂಗದಲ್ಲಿ ಒಂದು ಕಥೆ ಪ್ರಚಲಿತವಾಗಿದೆ. ಈ ಹಾಡಿನ ನಡೆಯಲ್ಲಿ ಪಹಾಡೀ ರಾಗದ ಛಾಯೆಯಿದೆ. ಅದು ಬೆಟ್ಟದ ನಾಡಿನ ಜನಪದ ಗಾನದಿಂದ ಬಂದ ರಾಗ. ವಿಸ್ತಾರವಾದ ಆಲಾಪನೆಗಿಂತ ಸಣ್ಣ ಹಾಡಿಗೆ ಹೆಚ್ಚಾಗಿ ಒಪ್ಪುವಂಥದು.

ಹಾಡಿನ ಅಭಿಪ್ರಾಯವು ಬಹು ಸರಳವಾದುದು. ಒಬ್ಬ ಸ್ತ್ರೀ ತನ್ನ ಪ್ರಿಯನನ್ನು ಬಳಿಗೆ ಕರೆಯುತ್ತಾಳೆ. ಈ ರಾತ್ರಿಯೇನೋ ನಮ್ಮದಾಗಿದೆ, ನಾಳೆಯದನ್ನು ಬಲ್ಲವರಾರು ಎನ್ನುತ್ತಾಳೆ. ಇಷ್ಟೇ ಆಗಿದ್ದರೆ ನೂರು ಪ್ರಣಯಗೀತೆಗಳಲ್ಲಿ ಇದೂ ಒಂದಾಗುತ್ತಿತ್ತು. ಆದರೆ ಚಿತ್ರದ ಕಥೆಯನ್ನು ಬಲ್ಲವರಿಗೆ ಅದರ ಮರ್ಮ ತಿಳಿಯುತ್ತದೆ. ಮಳೆಯ ರಾತ್ರಿಯೊಂದರಲ್ಲಿ ವೈದ್ಯನೊಬ್ಬನಿಗೆ ಬಿಳಿಯ ಸೀರೆಯನ್ನುಟ್ಟ ಅಪರಿಚಿತೆಯೊಬ್ಬಳು ದಾರಿಯಲ್ಲಿ ಕಾಣಿಸಿಕೊಳ್ಳುತ್ತಾಳೆ. ಮುಂದೆ ಅವನಿಗೆ ಮದುವೆಯಾದಾಗ ವಧುವಿನ ಮುಖವು ಅದೇ ಮುಖವಾಗಿರುತ್ತದೆ! ಆಕೆ ಪತ್ನಿಯೋ, ಪ್ರೇತವೋ, ವಂಚಕಿಯೋ ಎಂಬ ಸಂಶಯ ಅವನನ್ನು ಬಿಡುವುದಿಲ್ಲ. ನೋಡುವ ನಮ್ಮನ್ನೂ ಬಿಡುವುದಿಲ್ಲ. ಆ ಸಂಶಯದ ನಡುವೆ ಈ ಹಾಡು ಬರುತ್ತದೆ. ನಾಳೆ ಇರುತ್ತೇವೋ ಇಲ್ಲವೋ ಎಂಬ ಮಾತು ಬೇರೆ ಹೆಂಗಸಿನ ಬಾಯಲ್ಲಿ ಬರಿಯ ಸರಸವಾದೀತು. ಇವಳ ಬಾಯಲ್ಲಿ ಅದು ಮೈಯನ್ನು ನಡುಗಿಸುತ್ತದೆ. ವಾಚ್ಯಾರ್ಥವು ಶೃಂಗಾರ, ಅದರ ಕೆಳಗೆ ಭಯವೂ ಕರುಣವೂ ಧ್ವನಿಸುತ್ತವೆ. ಆಲಂಕಾರಿಕರು ಧ್ವನಿಯೆಂದು ಕರೆದದ್ದು ಇದನ್ನಲ್ಲದೆ ಮತ್ತೇನನ್ನು?

ಹಾಡು ಅವಸರಪಡುವುದಿಲ್ಲವೆಂಬುದನ್ನೂ ಗಮನಿಸಬೇಕು. ಹೊತ್ತು ಮೀರುತ್ತಿದೆಯೆಂದು ಹೇಳುವವಳು ಅವಸರದಿಂದ ಹೇಳಬೇಕಾಗಿತ್ತಲ್ಲವೇ? ಅವಳು ಮಾತ್ರ ಒಂದೊಂದು ಮಾತನ್ನೂ ಕೈಯಲ್ಲಿ ಹಿಡಿದು ನೋಡುವವಳಂತೆ ಮೆಲ್ಲನೆ ಹಾಡುತ್ತಾಳೆ. ಕಾಲವನ್ನು ತಡೆದು ನಿಲ್ಲಿಸಬೇಕೆಂಬ ಆಸೆಯೇ ಆ ನಿಧಾನಗತಿಯಲ್ಲಿದೆ. ಈ ಹಾಡಿನ ಪ್ರಾಣವು ಎರಡು: ನಾಳೆಯ ಸಂಶಯವೊಂದು, ಇಂದಿನ ನಿಧಾನವೊಂದು. ಇವೆರಡರಲ್ಲಿ ಯಾವುದನ್ನು ತೆಗೆದರೂ ಉಳಿಯುವುದು ಇಂಪಾದ ಶರೀರ ಮಾತ್ರ.

ಇನ್ನು ಇಂಥ ಹಾಡನ್ನು ಈ ಕಾಲದಲ್ಲಿ ಹೊಸದಾಗಿ ಮಾಡುವ ಕ್ರಮವನ್ನು ನೋಡೋಣ. ಅಂದಿನ ಮುದ್ರಣದಲ್ಲಿ ಗಾಯಕರೂ ವಾದ್ಯಗಾರರೂ ಒಟ್ಟಿಗೆ ಕುಳಿತು ನುಡಿಸಿ ಹಾಡುವುದೇ ಸಾಮಾನ್ಯ ಪದ್ಧತಿಯಾಗಿತ್ತು. ಒಬ್ಬರು ತಪ್ಪಿದರೂ ಎಲ್ಲರೂ ಮೊದಲಿನಿಂದ ಪ್ರಾರಂಭಿಸಬೇಕು. ಇಂದು ಒಂದೊಂದು ವಾದ್ಯವನ್ನೂ ಪ್ರತ್ಯೇಕವಾಗಿ ಮುದ್ರಿಸಿ, ಗಣಕಯಂತ್ರದಲ್ಲಿ ಪದರದ ಮೇಲೆ ಪದರವಾಗಿ ಜೋಡಿಸುತ್ತಾರೆ. ಹಳೆಯ ಹಾಡನ್ನು ಹೊಸದು ಮಾಡುವಾಗ ಬಹುಮಟ್ಟಿಗೆ ಪಲ್ಲವಿಯನ್ನು ಉಳಿಸಿಕೊಳ್ಳುವುದು, ಚರಣಗಳನ್ನು ಕೈಬಿಡುವುದು ಅಥವಾ ಬೇರೆ ಬರೆಯಿಸುವುದು, ತಾಳದ ಪೆಟ್ಟನ್ನು ದಪ್ಪಮಾಡುವುದು, ನಡುವೆ 'ರ್‍ಯಾಪ್' ಎಂಬ ವೇಗದ ಪ್ರಾಸಭಾಷಣವನ್ನು ಸೇರಿಸುವುದು, ಇದು ಕ್ರಮ. ೧೯೯೫ರಲ್ಲಿ ಬಂದ 'ಬಾಂಬೇ' ಚಿತ್ರಕ್ಕೆ ಎ. ಆರ್. ರಹಮಾನರು ಮಾಡಿದ್ದ 'ಹಮ್ಮಾ ಹಮ್ಮಾ' ಎಂಬ ಪ್ರಣಯದ ಹಾಡನ್ನು ೨೦೧೭ರ 'ಓಕೆ ಜಾನೂ' ಚಿತ್ರಕ್ಕಾಗಿ ಹೊಸದುಮಾಡಿದಾಗ ಬಾದ್‌ಶಾಹ್ ಎಂಬವರ ಇಂಥ ಭಾಷಣವು ಅದರೊಳಕ್ಕೆ ಬಂದಿತು.

ಹೀಗೇಕೆ ಮಾಡುತ್ತಾರೆಂದರೆ, ಅದಕ್ಕೆ ವ್ಯಾಪಾರದ ಕಾರಣವುಂಟು. ಹೊಸ ಹಾಡನ್ನು ಜನರ ಕಿವಿಗೆ ಹತ್ತಿಸುವುದು ಶ್ರಮದ ಕೆಲಸ. ಹಳೆಯ ಪಲ್ಲವಿಯಾದರೋ ಅಜ್ಜಿಯ ಕಿವಿಯಲ್ಲಿಯೂ ತಾಯಿಯ ಕಿವಿಯಲ್ಲಿಯೂ ಆಗಲೇ ಮನೆಮಾಡಿಕೊಂಡಿದೆ. ಅದನ್ನು ಕೇಳಿದೊಡನೆ ಜನರು ತಿರುಗಿ ನೋಡುತ್ತಾರೆ. ಹಳೆಯ ಹಾಡುಗಳ ಹಕ್ಕು ಮುದ್ರಿಕೆಯ ಕಂಪನಿಗಳ ಕೈಯಲ್ಲಿದ್ದರೆ, ತಮ್ಮ ಕಣಜದ ಹಳೆಯ ಭತ್ತವನ್ನೇ ಕುಟ್ಟಿ ಮತ್ತೆ ಮಾರುವುದು ಅವಕ್ಕೆ ಸುಲಭ. ಇದರ ಮೇಲೆ ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕುಗಳನ್ನು ನೋಡುವ ಅಭ್ಯಾಸವೊಂದು ಸೇರಿತು. ಅರ್ಧ ನಿಮಿಷದಲ್ಲಿ ಪಲ್ಲವಿಯೊಂದೇ ಹಿಡಿಯತಕ್ಕದ್ದು. ಚರಣವನ್ನು ಕೇಳುವ ವ್ಯವಧಾನವಿರುವವರು ಯಾರು?

ಹಾಗಾದರೆ ಮರುಸೃಷ್ಟಿಯೆಂಬುದೇ ಅಪರಾಧವೇ? ಅಲ್ಲವೇ ಅಲ್ಲ. ಹಾಗೆಂದವರು ಮೊದಲು ಪಂಪನನ್ನು ಬಿಡಬೇಕು, ರನ್ನನನ್ನು ಬಿಡಬೇಕು, ಕುಮಾರವ್ಯಾಸನನ್ನೂ ಬಿಡಬೇಕು. ವ್ಯಾಸರು ಹೇಳಿದ ಕಥೆಯನ್ನೇ ಇವರು ಹೇಳಿದರು. ಭಟ್ಟನಾರಾಯಣನ 'ವೇಣೀಸಂಹಾರ'ಕ್ಕೆ ರನ್ನನ 'ಗದಾಯುದ್ಧ'ವು ಪಟ್ಟ ಋಣವನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಅದರಿಂದ ರನ್ನನು ಕಿರಿಯವನಾಗಲಿಲ್ಲ. ಕಥೆಯು ಒಂದೇ ಆದರೂ ಅದನ್ನು ಮತ್ತೆ ಹೇಳಲೇಬೇಕೆಂಬ ಅಂತರಂಗದ ಒತ್ತಡವು ಆ ಕವಿಗಳಿಗೆ ಇತ್ತು.

ಈ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಸಾವಿರ ವರ್ಷಗಳಿಗೂ ಹಿಂದೆಯೇ ವಿಚಾರಿಸಿದ್ದಾರೆ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿದ್ದ ಆನಂದವರ್ಧನನು 'ಧ್ವನ್ಯಾಲೋಕ'ದ ನಾಲ್ಕನೆಯ ಉದ್ಯೋತದಲ್ಲಿ, ಒಂದು ಕಾವ್ಯವು ಮತ್ತೊಂದನ್ನು ಹೋಲುವ ಬಗೆಯನ್ನು ಮೂರಾಗಿ ವಿಂಗಡಿಸುತ್ತಾನೆ. ಮೊದಲನೆಯದು ಪ್ರತಿಬಿಂಬದಂತೆ: ಕನ್ನಡಿಯೊಳಗಿನ ಮುಖಕ್ಕೆ ತನ್ನದೆಂಬ ಆತ್ಮವಿಲ್ಲ. ಎರಡನೆಯದು ಚಿತ್ರಪಟದಂತೆ: ಬಣ್ಣದ ವ್ಯತ್ಯಾಸವುಂಟು, ಆತ್ಮವು ಅಲ್ಪ. ಮೂರನೆಯದು ಇಬ್ಬರು ಜೀವಂತ ವ್ಯಕ್ತಿಗಳ ಹೋಲಿಕೆಯಂತೆ: ತಾಯಿಯ ಮೂಗು ಮಗಳಿಗೆ ಬಂದಿದ್ದರೂ ಮಗಳು ಮಗಳೇ, ಅವಳ ಜೀವವು ಬೇರೆ. ಮೊದಲೆರಡನ್ನು ಕವಿಯು ಬಿಡಬೇಕು, ಮೂರನೆಯದನ್ನು ಬಿಡಬೇಕಾದುದಿಲ್ಲ ಎಂಬುದು ಅವನ ತೀರ್ಮಾನ. (ತಾಯಿಮಗಳ ದೃಷ್ಟಾಂತವು ನಮ್ಮದು, ಆಚಾರ್ಯನದಲ್ಲ.) ಅವನ ತರುವಾಯ ಬಂದ ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ನಾಲ್ಕನೆಯದೊಂದನ್ನು ಸೇರಿಸಿ, ಅದಕ್ಕೆ ಪರಪುರಪ್ರವೇಶವೆಂಬ ಹೋಲಿಕೆಯನ್ನು ಕೊಟ್ಟನು. ಯೋಗಿಯು ತನ್ನ ಒಡಲನ್ನು ಬಿಟ್ಟು ಬೇರೊಂದು ಒಡಲನ್ನು ಹೊಗುವಂತೆ, ಮೂಲವಸ್ತುವು ಒಂದೇ ಆಗಿದ್ದು ಕಟ್ಟಡವೆಲ್ಲ ಬೇರೆಯಾಗುವುದು ಇದರ ಲಕ್ಷಣ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ನಮ್ಮ ಉದಾಹರಣೆಯೇ ಎಷ್ಟೋ ವಿಷಯಗಳನ್ನು ಹೇಳುತ್ತದೆ. 'ವೋ ಕೌನ್ ಥೀ' ಚಿತ್ರವು ತಮಿಳಿನಲ್ಲಿ ೧೯೬೬ರಲ್ಲಿಯೇ 'ಯಾರ್ ನೀ' ಎಂಬ ಹೆಸರಿನಿಂದ ಬಂದಿತು. ಹಿಂದಿಯ ಆ ಮಟ್ಟಿಗೆ ಕಣ್ಣದಾಸನ್ ಅವರು ತಮಿಳು ಮಾತುಗಳನ್ನು ಹೊಂದಿಸಿದರು, ಪಿ. ಸುಶೀಲಾ ಅವರು ಹಾಡಿದರು. ಮಟ್ಟು ಒಂದೇ, ಆದರೆ ಅದೇ ಕಥೆ, ಅದೇ ಸಂಶಯ, ಅದೇ ರಾತ್ರಿ ಅಲ್ಲಿಯೂ ಇದ್ದುದರಿಂದ ಹಾಡಿಗೆ ನಿಲ್ಲಲು ನೆಲವಿತ್ತು. ಅದು ಮತ್ತೊಂದು ಭಾಷೆಯಲ್ಲಿ ಮತ್ತೊಬ್ಬಳ ಅಳಲಾಯಿತು. ಇದು ಜೀವಂತ ವ್ಯಕ್ತಿಗಳ ಹೋಲಿಕೆ.

೨೦೧೮ರಲ್ಲಿ 'ಸಾಹೇಬ್ ಬೀವಿ ಔರ್ ಗ್ಯಾಂಗ್‌ಸ್ಟರ್ ೩' ಎಂಬ ಚಿತ್ರಕ್ಕಾಗಿ ಇದೇ ಹಾಡನ್ನು ಮತ್ತೆ ಮಾಡಿ ಜೋನಿತಾ ಗಾಂಧಿಯವರಿಂದ ಹಾಡಿಸಿದರು. ಹಾಡಿದವರ ಕಂಠವು ಸೊಗಸಾದುದು. ಹಾಡನ್ನು ಕುಣಿತಕ್ಕೆ ತಿರುಗಿಸದೆ ಇದ್ದದ್ದಕ್ಕೆ ಕೃತಜ್ಞರಾಗಿರಬೇಕು. ಆದರೆ ಬಿಳಿಯ ಸೀರೆಯ ಆ ಹೆಂಗಸನ್ನೂ ಅವಳ ಸುತ್ತಲಿನ ಸಂಶಯವನ್ನೂ ಬಿಟ್ಟು ಬಂದ ಹಾಡು ನಮಗೆ ಚಿತ್ರಪಟದಂತೆ ಕಂಡಿತು. ಬಣ್ಣವಿದೆ, ರೇಖೆಯಿದೆ, ಉಸಿರನ್ನು ಹುಡುಕಬೇಕು.

ಅದೇ ಮದನ ಮೋಹನರಿಗೆ ಬೇರೊಂದು ಬಗೆಯ ಪುನರ್ಜನ್ಮವೂ ಒದಗಿತು. ಅವರು ತೀರಿಕೊಂಡದ್ದು ೧೯೭೫ರಲ್ಲಿ, ೫೧ನೆಯ ವಯಸ್ಸಿನಲ್ಲಿ. ಅವರು ಸಂಯೋಜಿಸಿ, ಯಾವ ಚಿತ್ರಕ್ಕೂ ಬಳಕೆಯಾಗದೆ ಉಳಿದಿದ್ದ ಮಟ್ಟುಗಳನ್ನು ಮಗ ಸಂಜೀವ್ ಕೊಹ್ಲಿಯವರು ಹೊರತೆಗೆದರು. ೨೯ ವರ್ಷಗಳ ಮೇಲೆ, ೨೦೦೪ರಲ್ಲಿ, ಯಶ್ ಚೋಪ್ರಾ ಅವರ 'ವೀರ್ ಝಾರಾ' ಚಿತ್ರದಲ್ಲಿ ಅವಕ್ಕೆ ಜಾವೇದ್ ಅಖ್ತರರ ಹೊಸ ಮಾತುಗಳು ದೊರೆತುವು. ಮದನ ಮೋಹನರನ್ನು ಅಣ್ಣನೆಂದು ಭಾವಿಸಿದ್ದ ಲತಾ ಮಂಗೇಶ್ಕರರೇ, ತಮ್ಮ ೭೫ನೆಯ ವಯಸ್ಸಿನಲ್ಲಿ, ಅವುಗಳಲ್ಲಿ ಹಲವನ್ನು ಹಾಡಿದರು. ಸಂಗೀತಕಾರನ ಹೆಸರೆಂದು ಮದನ ಮೋಹನರ ಹೆಸರನ್ನೇ ಹಾಕಿದರು. ರಾಜಶೇಖರನು ಹೇಳಿದ ಪರಪುರಪ್ರವೇಶಕ್ಕೆ ಇದಕ್ಕಿಂತ ಒಪ್ಪುವ ನಿದರ್ಶನ ಎಲ್ಲಿ ದೊರೆತೀತು? ಕರ್ತೃವೇ ಬದುಕಿದ್ದು ತನ್ನ ಹಾಡನ್ನು ತಾನೇ ಮತ್ತೆ ಮುಟ್ಟಿದ ಪ್ರಸಂಗವೂ ಉಂಟು. ೧೯೭೫ರ 'ಜೂಲೀ' ಚಿತ್ರದ ಪ್ರಣಯಗೀತೆಯೊಂದು ೨೦೧೭ರ 'ಕಾಬಿಲ್' ಚಿತ್ರದಲ್ಲಿ ಹೊಸ ರೂಪದಿಂದ ಬಂದಾಗ, ಎರಡು ಚಿತ್ರಗಳಿಗೂ ಸಂಗೀತವನ್ನು ಕೊಟ್ಟವರು ರಾಜೇಶ್ ರೋಷನ್ ಒಬ್ಬರೇ.

ಇಲ್ಲಿ ನಮ್ಮ ದಾಸರ ಪದಗಳನ್ನು ನೆನೆಯದೆ ಇರಲಾಗದು. ಪುರಂದರದಾಸರು ತಮ್ಮ ಪದಗಳನ್ನು ಹಾಡಿದ ಮೂಲದ ಧಾಟಿಗಳು ಬಹುಮಟ್ಟಿಗೆ ನಮಗೆ ಉಳಿದುಬಂದಿಲ್ಲ. ನಾವು ಕೇಳುವ ಧಾಟಿಗಳು ಹೆಚ್ಚಾಗಿ ತರುವಾಯದವರು ಹೊಂದಿಸಿದವು. 'ಭಾಗ್ಯದ ಲಕ್ಷ್ಮೀ ಬಾರಮ್ಮ' ಎಂಬುದನ್ನು ನಮ್ಮ ಮನೆಯ ಹೆಂಗಸರು ಹಾಡುವ ರೀತಿ ಬೇರೆ, ಭೀಮಸೇನ ಜೋಶಿಯವರು ಹಾಡಿದ ರೀತಿ ಬೇರೆ. ಯಾರೂ ಯಾರನ್ನೂ ಕಳ್ಳರೆನ್ನಲಿಲ್ಲ. ಏಕೆಂದರೆ, ಯಾವ ರಾಗದಲ್ಲಿ ಹಾಡಿದರೂ ಕೊನೆಯಲ್ಲಿ ಪುರಂದರವಿಠಲನೆಂಬ ಅಂಕಿತವು ಬಂದೇ ಬರುತ್ತದೆ. ಅಂಕಿತವನ್ನು ನುಡಿಯದೆ ಪದವನ್ನು ಮುಗಿಸುವಂತಿಲ್ಲ. ಋಣವನ್ನು ಹೇಳದೆ ಹಾಡನ್ನು ಅನುಭವಿಸುವಂತಿಲ್ಲ. ನಮ್ಮ ವೃತ್ತಿನಾಟಕದ ಕಂಪನಿಗಳೂ ಹಿಂದಿ ಮರಾಠಿ ಹಾಡುಗಳ ಮಟ್ಟುಗಳನ್ನು ಧಾರಾಳವಾಗಿ ತಂದುಕೊಂಡುವು. ಆದರೆ ಅವರ ಹಾಡಿನ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ, ಇಂಥ ಹಾಡಿನ ಮಟ್ಟು ಎಂದು ಅಚ್ಚುಮಾಡುವ ಪದ್ಧತಿಯಿತ್ತು. ಸಾಲವನ್ನು ತಂದೆವೆಂದು ಬಾಗಿಲಲ್ಲಿಯೇ ಹೇಳಿಕೊಳ್ಳುವ ಪ್ರಾಮಾಣಿಕತೆ ಅದು.

ಸಿನಿಮಾ ಹಾಡಿಗೆ ಅಂಕಿತವಿಲ್ಲ. ಅದರ ಹೊಟ್ಟೆಯೊಳಗೆ ಕರ್ತೃವಿನ ಹೆಸರಿಲ್ಲ. ಆದುದರಿಂದಲೇ ರೇಡಿಯೋದವರು ಹೇಳುತ್ತಿದ್ದ ಆ ಪ್ರವರವು ಅಷ್ಟು ಬೆಲೆಯುಳ್ಳದ್ದು. ಮೊಬೈಲಿನ ತುಣುಕಿಗೆ ಪ್ರವರವೂ ಇಲ್ಲ. ಹೊಸ ಹಾಡಿನ ಪ್ರಚಾರದಲ್ಲಿ ಹೊಸಬರ ಹೆಸರು ಮುಂದೆ ನಿಂತು, ಮೂಲದ ಕವಿಯ ಹೆಸರು ಕೊನೆಯ ಸಣ್ಣಕ್ಷರಕ್ಕೆ ಇಳಿದರೆ, ಹತ್ತು ವರ್ಷಗಳಲ್ಲಿ ರಾಜಾ ಮೆಹದೀ ಅಲೀ ಖಾನ್ ಎಂಬವರು ಇದ್ದರೆಂಬುದೇ ಜನರಿಗೆ ಮರೆತುಹೋದೀತು. 'ಪಾಕೀಜಾ' ಚಿತ್ರದ ತಮ್ಮ ಹಾಡೊಂದನ್ನು ೨೦೧೮ರಲ್ಲಿ ಹೊಸ ಚಿತ್ರಕ್ಕಾಗಿ ಬದಲಿಸಿದಾಗ ಲತಾ ಮಂಗೇಶ್ಕರರು ಬಹಿರಂಗವಾಗಿಯೇ ಬೇಸರಪಟ್ಟರು. ಹಾಡಿನ ಆತ್ಮವನ್ನು ಕಾಪಾಡಿಕೊಂಡು ಮತ್ತೆ ಹಾಡಿದರೆ ಅವರ ಆಕ್ಷೇಪವಿರಲಿಲ್ಲ. ಅದನ್ನು ತಿರುಚುವುದಕ್ಕೆ ಅವರು ನೊಂದರು.

ಇಷ್ಟು ಶಾಸ್ತ್ರವನ್ನು ಹೇಳಿದ ಮೇಲೆ ಮನೆಯ ಮಾತೊಂದನ್ನು ಹೇಳಬೇಕು. ನಮ್ಮ ಮನೆಯವರಿಗೆ ಸಂಗೀತದ ಕ್ರಮವಾದ ಶಿಕ್ಷಣವೇನೂ ಇಲ್ಲ. ಆದರೆ ಅವರ ಕಂಠವು ಶುದ್ಧವಾದುದು. ಮದುವೆಯಾದ ಹೊಸದರಲ್ಲಿ ಅವರು ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆಯನ್ನು ಒಗೆಯುತ್ತ 'ಲಗ್ ಜಾ ಗಲೇ' ಹಾಡುತ್ತಿದ್ದರು. ಅರ್ಥವನ್ನು ಪೂರ್ತಿಯಾಗಿ ಬಲ್ಲರೋ ಇಲ್ಲವೋ ಎಂದು ನಾವು ಕೇಳಿದವರಲ್ಲ. ಅವರು ಹೇಳಿದವರೂ ಅಲ್ಲ. ೨೦೧೮ರ ದೀಪಾವಳಿಗೆ ಮಗಳು ಬೆಂಗಳೂರಿನ ವಿದ್ಯಾರ್ಥಿನಿಲಯದಿಂದ ಬಂದವಳು, ತನ್ನ ಮೊಬೈಲಿನಲ್ಲಿ ಹೊಸದನ್ನು ಹಾಕಿ, "ಅಮ್ಮಾ, ಇದನ್ನು ಕೇಳು, ಎಷ್ಟು ಚೆನ್ನಾಗಿದೆ!" ಎಂದಳು. ಅವಳಿಗೆ ಅದು ಹೊಸ ಹಾಡೆಂದೇ ತಿಳಿವಳಿಕೆ. ಅವಳ ತಾಯಿ ಅವರೆಕಾಯಿಯನ್ನು ಬಿಡಿಸುತ್ತ ಕೊನೆಯವರೆಗೂ ಕೇಳಿದರು. ಆಮೇಲೆ, "ಹುಡುಗಿ ಚೆನ್ನಾಗಿ ಹಾಡಿದ್ದಾಳೆ. ಆದರೆ ಅವಳಿಗೆ ಬೆಳಗಾಗುವ ಭಯವಿಲ್ಲ" ಎಂದರು. ನಾವು ಮೂವತ್ತು ವರ್ಷ ಅಲಂಕಾರಶಾಸ್ತ್ರದ ಪಾಠವನ್ನು ಹೇಳಿದವರು. ಆ ವಿಮರ್ಶೆಗೆ ಒಂದಕ್ಷರವನ್ನೂ ಸೇರಿಸಲು ನಮ್ಮಿಂದಾಗಲಿಲ್ಲ.

ಮಗಳು ಬಿಡಲಿಲ್ಲ. "ಹಾಗಾದರೆ ನೀನು ಹಾಡಿ ತೋರಿಸು" ಎಂದಳು. ತಾಯಿ ಅಲ್ಲಿಯೇ ಕುಳಿತು ಹಾಡಿದರು. ಮಗಳು ಅದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಳು. ಅದರಲ್ಲಿ ಕುಕ್ಕರಿನ ಸೀಟಿಯಿದೆ. ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗಿದೆ. ಎರಡನೆಯ ಚರಣದಲ್ಲಿ ಒಂದು ಕಡೆ ಉಸಿರು ಸಾಲದೆ ಸ್ವರವು ಕತ್ತರಿಸಿದೆ. ಇದಾದ ಮೂರು ವರ್ಷಗಳ ಮೇಲೆ ಅವರ ಕೊರಳಿಗೆ ಶಸ್ತ್ರಚಿಕಿತ್ಸೆಯಾಯಿತು. ದೇಹಕ್ಕೆ ಆರೋಗ್ಯ ಬಂದಿತು. ಮೇಲಿನ ಸ್ವರಗಳು ಮಾತ್ರ ಮತ್ತೆ ಏಳಲಿಲ್ಲ. ಅಂದಿನಿಂದ ಅವರು ಹಾಡಿಲ್ಲ.

ನಮ್ಮ ಷಷ್ಟಿಪೂರ್ತಿಯ ಸಂದರ್ಭದಲ್ಲಿ ಆ ಧ್ವನಿಮುದ್ರಣದ ಮಾ‍ತು ಬಂದಿತು. ಅಳಿಯನ ಸ್ನೇಹಿತನೊಬ್ಬನು ಇಂಥ ಕೆಲಸದಲ್ಲಿ ನಿಪುಣನಂತೆ. ಸೀಟಿಯನ್ನೂ ಕೂಗನ್ನೂ ತೆಗೆದುಹಾಕಿ, ಕತ್ತರಿಸಿದ ಸ್ವರವನ್ನು ಯಂತ್ರದಿಂದಲೇ ಜೋಡಿಸಿ, ಹಿಂದೆ ಪಿಟೀಲನ್ನೂ ತಬಲವನ್ನೂ ಸೇರಿಸಿ ಕೊಡುವೆನೆಂದು ಅವನು ಹೇಳಿದ್ದನು. ಮಕ್ಕಳಿಗೆ ಉತ್ಸಾಹವೋ ಉತ್ಸಾಹ. "ಅಪ್ಪಾ, ನೀವೇನು ಹೇಳುತ್ತೀರಿ?" ಎಂದು ಮಗಳು ಕೇಳಿದಳು. "ಅದು ನಿನ್ನ ತಾಯಿಯ ಸೊತ್ತು, ಅವರನ್ನು ಕೇಳು" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಹಾಗೆಯೇ ಇರಲಿ, ಮಗು. ಅಂದು ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ್ದು ನಿಜ; ನನಗೆ ಉಸಿರು ಸಾಲದೆಹೋದದ್ದೂ ನಿಜ. ಅದನ್ನೆಲ್ಲ ತೊಳೆದರೆ ಹಾಡಿದವಳು ನಾನಾಗುವುದಿಲ್ಲ. ಹಾಡೇ ಬೇಕಾದರೆ ನೀನು ಹಾಡು" ಎಂದರು.

ಮಗಳ ಕಂಠವು ತಾಯಿಯದಕ್ಕಿಂತ ಕೆಳಗಿನ ಶ್ರುತಿಯದು. ಅವಳು ಈಗ ತನ್ನ ಎಂಟು ತಿಂಗಳ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ನಡುಮನೆಯಲ್ಲಿ ಅತ್ತಿತ್ತ ತಿರುಗಾಡುತ್ತ, ತಟ್ಟುತ್ತ, ಅದೇ ಹಾಡನ್ನು ಇನ್ನೂ ನಿಧಾನವಾಗಿ ಹಾಡುತ್ತಾಳೆ. ಪ್ರಿಯನನ್ನು ಕರೆದ ಹಾಡು ಕೂಸನ್ನು ಅಪ್ಪಿಕೊಂಡಿತು, ಶೃಂಗಾರವು ವಾತ್ಸಲ್ಯವಾಯಿತು. ಆದರೆ ಕಾಲವು ಜಾರುತ್ತಿದೆಯೆಂಬ ಅಳುಕು ಹಾಗೆಯೇ ಉಳಿದಿದೆ. ಕೂಸು ಇಷ್ಟು ಚಿಕ್ಕದಾಗಿ ಎಷ್ಟು ದಿನ ಇದ್ದೀತು? ನಮ್ಮ ಮನೆಯವರು ಬಾಗಿಲಿಗೆ ಒರಗಿ ನಿಂತು ಕೇಳುತ್ತಾರೆ. ಒಂದೊಂದು ಸಲ ಅವರ ತುಟಿಯೂ ಸದ್ದಿಲ್ಲದೆ ಆಡುತ್ತಿರುತ್ತದೆ. ಆನಂದವರ್ಧನನ ಮೂರನೆಯ ಬಗೆಗೆ ನಾವು ತಾಯಿಮಗಳ ದೃಷ್ಟಾಂತವನ್ನು ಕೊಟ್ಟದ್ದು ಏಕೆಂದು ವಾಚಕರಿಗೆ ಈಗ ತಿಳಿದಿರಬಹುದು.

ಮಗಳ ಪರವಾಗಿಯೂ ಒಂದು ಮಾತನ್ನು ಹೇಳಬೇಕು. "ಅಪ್ಪಾ, ಹೊಸದು ಬರದೆ ಇದ್ದಿದ್ದರೆ ನಾನು ಹಳೆಯದನ್ನು ಕೇಳುತ್ತಲೇ ಇರಲಿಲ್ಲ" ಎಂದು ಅವಳು ಹೇಳುವುದುಂಟು. ಇದು ಸತ್ಯವಾದ ಮಾತು. ಚಿತ್ರಪಟವು ಅಲ್ಪಾತ್ಮದ್ದಾದರೂ, ಗೋಡೆಯ ಮೇಲಿನ ಪಟವನ್ನು ನೋಡಿ, "ಇವರು ಯಾರು?" ಎಂದು ಮಗುವು ಕೇಳುವುದಿಲ್ಲವೇ? ಕೇಳಿದಾಗ ಉತ್ತರವನ್ನು ಹೇಳುವವರು ಮನೆಯಲ್ಲಿ ಇರಬೇಕು, ಅಷ್ಟೆ. ನಮ್ಮ ಮನೆಯಲ್ಲಿ ಅವರೆಕಾಯಿಯನ್ನು ಬಿಡಿಸುತ್ತ ಕುಳಿತವರೊಬ್ಬರು ಇದ್ದರು. ಎಲ್ಲ ಮನೆಗಳಲ್ಲಿಯೂ ಇರುತ್ತಾರೆಂದು ಹೇಳುವುದು ಹೇಗೆ?

ಕಾನೂನು ನೋಡಿಕೊಳ್ಳುವುದಿಲ್ಲವೇ ಎಂದರೆ, ನೋಡಿಕೊಳ್ಳುತ್ತದೆ, ಒಂದು ಮಿತಿಯವರೆಗೆ. ಭಾರತದ ಕೃತಿಸ್ವಾಮ್ಯದ ಕಾಯಿದೆಯು ೧೯೫೭ರದು. ಹಾಡಿನ ಸಾಹಿತ್ಯಕ್ಕೂ ಸಂಗೀತರಚನೆಗೂ ಕರ್ತೃವು ತೀರಿಕೊಂಡ ಮುಂದಿನ ವರ್ಷದಿಂದ ೬೦ ವರ್ಷ ರಕ್ಷಣೆಯುಂಟು. ಧ್ವನಿಮುದ್ರಣಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ ೬೦ ವರ್ಷ. ತನ್ನ ಕೃತಿಯು ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನೂ, ಮಾನಹಾನಿಯಾಗುವಂತೆ ಅದನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕನ್ನೂ ಅದು ಕರ್ತೃವಿಗೆ ಕೊಟ್ಟಿದೆ. ಜಾವೇದ್ ಅಖ್ತರ್ ಮೊದಲಾದವರ ಪ್ರಯತ್ನದಿಂದ ೨೦೧೨ರಲ್ಲಿ ಆದ ತಿದ್ದುಪಡಿಯ ಮೇಲೆ, ಚಿತ್ರಮಂದಿರದಲ್ಲಿ ಚಿತ್ರದೊಡನೆ ತೋರಿಸುವುದನ್ನು ಬಿಟ್ಟು ಉಳಿದ ಉಪಯೋಗಗಳಿಂದ ಬರುವ ಗೌರವಧನದಲ್ಲಿ, ಹಾಡನ್ನು ಬರೆದವರಿಗೂ ಸಂಗೀತಕಾರರಿಗೂ ಸಮಪಾಲು ಸಲ್ಲಬೇಕು. ಅದನ್ನು ಕಂಪನಿಗೆ ಬರೆದುಕೊಡುವಂತಿಲ್ಲ. ಹೊಟ್ಟೆಗಿಲ್ಲದೆ ಹಾಡನ್ನು ಬರೆದವರ ಮಕ್ಕಳಿಗೆ ಇದು ಸಾಮಾನ್ಯವಾದ ಉಪಕಾರವಲ್ಲ.

ಆದರೆ ಅವಧಿಯೆಂಬುದು ತುಂಬಿಯೇ ತೀರುತ್ತದೆ. ರಾಜಾ ಮೆಹದೀ ಅಲೀ ಖಾನ್ ಅವರು ತೀರಿಕೊಂಡದ್ದು ೧೯೬೬ರಲ್ಲಿ. ಅವರ ಮಾತುಗಳಿಗೆ ಈ ರಕ್ಷಣೆಯು ೨೦೨೬ರ ಕೊನೆಯವರೆಗೆ. ಮದನ ಮೋಹನರ ಮಟ್ಟಿಗೆ ೨೦೩೫ರ ಕೊನೆಯವರೆಗೆ. ಆಮೇಲೆ ಆ ಹಾಡು ಹೊಳೆಯ ನೀರಿನಂತೆ ಎಲ್ಲರದು. ಕುಡಿಯುವವರು ಕುಡಿಯಬಹುದು, ಎಮ್ಮೆಯನ್ನು ಮೀಯಿಸುವವರು ಮೀಯಿಸಬಹುದು. ಅಪ್ಪಣೆಯನ್ನು ಕೇಳಬೇಕಾದುದಿಲ್ಲ, ಹಣವನ್ನು ಕೊಡಬೇಕಾದುದಿಲ್ಲ. ಕಾಳಿದಾಸನಿಗೂ ಪುರಂದರದಾಸರಿಗೂ ಇರುವ ಸ್ಥಿತಿ ಇದೇ. ಅವರನ್ನು ಕಾಪಾಡಿಕೊಂಡು ಬಂದದ್ದು ಯಾವ ಕಾಯಿದೆಯೂ ಅಲ್ಲ. ಪಾಠವನ್ನು ಬಲ್ಲವರು, ಅಂಕಿತವನ್ನು ಮರೆಯದವರು, ತಪ್ಪಿ ಹಾಡಿದರೆ "ಹಾಗಲ್ಲ, ಹೀಗೆ" ಎಂದು ತಿದ್ದುವ ಅಜ್ಜಿಯರು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯು ದೊಡ್ಡದೇನೂ ಅಲ್ಲ. ಹೊಸ ಚಿತ್ರದ ಹಾಡನ್ನು ಮಕ್ಕಳು ಮನೆಗೆ ತಂದಾಗ ಮುಖವನ್ನು ಸಿಂಡರಿಸಬೇಡಿ, ಕೊನೆಯವರೆಗೂ ಕೇಳಿ. ಅದರಲ್ಲಿ ಜೀವವಿದ್ದರೆ, ಇದೆಯೆಂದು ಬಾಯ್ತುಂಬ ಹೇಳಿ. ಆಮೇಲೆ ಅದರ ಮೂಲವನ್ನು ಹುಡುಕಿ, ಎಲ್ಲರೂ ಕುಳಿತು ಒಮ್ಮೆ ಚರಣಸಹಿತವಾಗಿ ಕೇಳಿ; ನಾಲ್ಕು ನಿಮಿಷಗಳ ಕೆಲಸ. ಬರೆದವರು ಯಾರು, ಮಟ್ಟನ್ನು ಕಟ್ಟಿದವರು ಯಾರು, ಮೊದಲು ಹಾಡಿದವರು ಯಾರು ಎಂಬ ಮೂರು ಹೆಸರುಗಳನ್ನು ಮಕ್ಕಳ ಬಾಯಿಂದಲೇ ಹೇಳಿಸಿ. ಆ ಹಾಡು ಯಾವ ಕಥೆಯಲ್ಲಿ, ಯಾರಿಗಾಗಿ, ಯಾವ ಸಂಕಟದಲ್ಲಿ ಹುಟ್ಟಿತೆಂಬುದನ್ನು ಬಲ್ಲವರು ಹೇಳಿಕೊಡಿ. ಇಷ್ಟಾದರೆ, ನಾಳೆ ಯಾರು ಯಾವ ಮೈಯನ್ನು ಆ ಹಾಡಿಗೆ ತೊಡಿಸಿದರೂ, ನಮ್ಮ ಮಕ್ಕಳು ಅದರ ಉಸಿರನ್ನು ಗುರುತಿಸುತ್ತಾರೆ. ಉಸಿರಿಲ್ಲದಿದ್ದರೆ ಅದನ್ನೂ ಗುರುತಿಸುತ್ತಾರೆ. ಅಂಕಿತವಿಲ್ಲದ ಹಾಡಿಗೆ ಅಂಕಿತವನ್ನು ಕೊಡಬಲ್ಲವರು ಕೇಳುವವರೇ.